ಗೋಡೆಯಾಚೆಯಿಂದ ಬಂದ ಗುಳಿಗೆ

ಸೇಡಂ ಬಳಿಯ ಆಡಕಿ ಊರಿನಲ್ಲಿ ಅನಸುಬಾಯಿಯ ಮನೆಗೂ ಹಸೀನಾಬೇಗಂ ಮನೆಗೂ ನಡುವೆ ಎದೆಮಟ್ಟದ ಒಂದು ಫರಸಿ ಕಲ್ಲಿನ ಗೋಡೆ ಇದೆ. ಹೆಸರಿಗೆ ಮಾತ್ರ ಗೋಡೆ. ಹೆಪ್ಪಿಗೆ ಮೊಸರು ಬೇಕೆಂದರೆ ಅದರ ಮೇಲಿಂದ ಬರುತ್ತದೆ, ಜೋಳದ ಹಿಟ್ಟು ಕಡಿಮೆಯಾದರೂ ಅದರ ಮೇಲಿಂದಲೇ ಬರುತ್ತದೆ. ಹಬ್ಬದ ದಿನ ಸುರಕುಂಬಾ ಪಾಯಸ ಈ ಕಡೆ ಬಂದರೆ ಹೋಳಿಗೆ ಆ ಕಡೆ ಹೋಗುತ್ತದೆ. ತಲೆನೋವಿನ ಗುಳಿಗೆ, ಹೊಟ್ಟೆನೋವಿನ ಗುಳಿಗೆ, ಕೆಮ್ಮಿನ ಔಷಧಿ ಕೂಡ ಹಾಗೆಯೇ ಓಡಾಡಿಕೊಂಡಿದ್ದವು. ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ. ನಮ್ಮಲ್ಲಿ ಯಾರು ತಿಳಿದಿದ್ದೇವೆ ಹೇಳಿ?

ಅನಸುಬಾಯಿಯ ಮಗ ಕಪಿಲ ಬೋರ್ಡ್ ಬರೆಯುವವನು. ಸೇಡಂ ಪೇಟೆಯಲ್ಲಿ ಕಿರಾಣಿ ಅಂಗಡಿಯಿಂದ ಹಿಡಿದು ಟ್ರ್ಯಾಕ್ಟರಿನ ಹಿಂಬದಿಯವರೆಗೆ ಅವನ ಅಕ್ಷರಗಳಿವೆ. ಮೂರು ವರ್ಷದ ಹಿಂದೆ, ಇಪ್ಪತ್ಮೂರನೆಯ ವಯಸ್ಸಿಗೆ, ಅವನಿಗೆ ಬೇನೆ ಬಂತು. ಯಾರೂ ಇಲ್ಲದ ಕಡೆ ಮಾತು ಕೇಳಿಸತೊಡಗಿತು. ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಎಂದು ತಟ್ಟೆ ದೂಡುತ್ತಿದ್ದ. ಅಪ್ಪ ಧರ್ಮಣ್ಣ ಕೊಟ್ಟರೂ ತಿನ್ನುತ್ತಿರಲಿಲ್ಲ, ಅಕ್ಕ ಮೈತ್ರಿ ಕೊಟ್ಟರೂ ತಿನ್ನುತ್ತಿರಲಿಲ್ಲ. ಅನಸುಬಾಯಿ ಮುರಿದು ಬಾಯಿಗಿಟ್ಟರೆ ಮಾತ್ರ ತಿನ್ನುತ್ತಿದ್ದ. ಇಡೀ ಲೋಕದಲ್ಲಿ ಅವನು ಆಗ ನಂಬಿದ್ದು ಆ ಒಂದು ಕೈಯನ್ನು.

ಊರಿನ ಆಶಾ ಕಾರ್ಯಕರ್ತೆ ಗುರುದೇವಿ ಹಟ ಹಿಡಿದು ಅವರನ್ನು ಸೇಡಂ ದವಾಖಾನೆಗೆ ಕರೆದುಕೊಂಡು ಹೋದಳು. ಮನೋವೈದ್ಯೆ ಪ್ರಮಿತಾ ನೋಡಿ, ಇದು ಸ್ಕಿಜೋಫ್ರೇನಿಯಾ ಎಂಬ ಮಿದುಳಿನ ಕಾಯಿಲೆ, ಮಾಟವೂ ಅಲ್ಲ ಮಂತ್ರವೂ ಅಲ್ಲ ಎಂದರು. ಎರಡು ಗುಳಿಗೆ ಬರೆದುಕೊಟ್ಟರು, ಒಂದು ಹಳದಿಯದು, ಇನ್ನೊಂದು ಸಣ್ಣದು. ತಾಯಿಯ ಕೈಯಿಂದ ದಿನಾಲೂ ನುಂಗಿದ ಕಪಿಲ ಆರು ತಿಂಗಳಲ್ಲಿ ಮತ್ತೆ ಬ್ರಷ್ ಹಿಡಿದ. ಅನಸುಬಾಯಿಗೆ ಹೋದ ಜೀವ ಬಂದಂತಾಯಿತು.

ಕೆಲಸ ಕೆಡಿಸಿದ್ದು ಮೊದಲು ಧರ್ಮಣ್ಣ. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಒಂದು ಅನುಮಾನ. ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಕಪಿಲ, "ಆ ಸಣ್ಣ ಗುಳಿಗಿ ತಗೊಂಡ್ರ ಬಾಯಿ ಒಣಗ್ತದ ಅಪ್ಪಾ" ಅಂದ.

"ಬ್ಯಾನಿ ಒಂದು, ಗುಳಿಗಿ ಎರಡ್ಯಾಕ? ದೊಡ್ಡದು ಸಾಕು, ಸಣ್ಣದು ಬಿಡು" ಎಂದು ಧರ್ಮಣ್ಣ ತೀರ್ಪು ಕೊಟ್ಟ.

ತಿಂಗಳ ಗುಳಿಗೆ ತರಲು ಅವನೇ ಸೇಡಂಗೆ ಹೋಗುತ್ತಿದ್ದ. ಮಗನನ್ನು ಯಾಕೆ ಕರೆತರಲಿಲ್ಲ ಎಂದು ಡಾಕ್ಟರು ಪ್ರತಿ ಸಲ ಕೇಳಿದರು. "ಚಲೋ ಅದಾನ್ರೀ ಡಾಕ್ಟರ್ ಬಾಯಿಯವರ, ಕೆಲಸಕ್ಕ ಹೋಗ್ಯಾನ" ಎಂದು ಇವನು ಪ್ರತಿ ಸಲವೂ ಹೇಳಿದ. ಸಣ್ಣ ಗುಳಿಗೆ ಬಿಟ್ಟ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ.

ಹೋಳಿ ಹೊತ್ತಿಗೆ ಕಪಿಲನ ಕೈ ನಡುಗತೊಡಗಿತು. ನಡೆಯುವಾಗ ಕಾಲು ಎಳೆಯುತ್ತಿದ್ದ. ನಕ್ಕರೂ ಮುಖದ ಮೇಲೆ ನಗು ಕಾಣುತ್ತಿರಲಿಲ್ಲ. ಬಾಬಾಸಾಹೇಬರ ಜಯಂತಿಗೆ ಓಣಿಯ ಸಮುದಾಯ ಭವನಕ್ಕೆ ನೀಲಿ ಬೋರ್ಡ್ ಬರೆದುಕೊಡಲು ಅವನು ಒಪ್ಪಿಕೊಂಡಿದ್ದ. ಮೊದಲ ಅಕ್ಷರವನ್ನೇ ನಾಲ್ಕು ಸಲ ಬರೆದ, ನಾಲ್ಕು ಸಲ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ಆಮೇಲೆ ಬ್ರಷ್ ಕೆಳಗಿಟ್ಟು ತನ್ನ ಕೈಯನ್ನೇ ನೋಡುತ್ತ ಕುಳಿತುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಅನಸುಬಾಯಿ ಎಲ್ಲವನ್ನೂ ಕಂಡಳು.

ಮಾರನೆಯ ದಿನ ಅವಳು ಗೋಡೆಯ ಬಳಿ ಹಸೀನಾಳ ಮುಂದೆ ಗೋಳು ತೋಡಿಕೊಂಡಳು. ಹಸೀನಾಳ ಗಂಡ ಮಜೀದಸಾಬ ಸೇಡಂ ರಸ್ತೆಯಲ್ಲಿ ಟಂಟಂ ಆಟೋ ಓಡಿಸುತ್ತಾನೆ. ಅವನಿಗೂ ಹೋದ ವರ್ಷ ಕಪಿಲನಿಗೆ ಬಂದಂಥದೇ ಬೇನೆ ಬಂದಿತ್ತು. ಅದೇ ಡಾಕ್ಟರು, ಆದರೆ ಗುಳಿಗೆ ಬೇರೆ. ಅವನದು ಬಿಳಿ ಗುಳಿಗೆ.

"ನಮ್ಮನಿಯವ್ರ ಕೈ ಏನೂ ನಡಗಂಗಿಲ್ಲಕ್ಕಾ. ಆದ್ರ ಹಸಿವಿ ನೋಡು! ಎಂಟ ರೊಟ್ಟಿ ತಿಂದು ಮತ್ತ ಡಬ್ಬಿಗಿ ಕೈ ಹಾಕ್ತಾರ. ಟಂಟಂ ಹ್ಯಾಂಡಲಿಗಿ ಹೊಟ್ಟಿ ತಾಗಲಿಕತ್ತದ. ಹೊತ್ತು ಮೂಡಿದ್ರೂ ಏಳಂಗಿಲ್ಲ. ನಿಮ್ಮ ಕಪಿಲ ಎಷ್ಟ ತೆಳ್ಳಗ, ಚಂದ ಅದಾನ."

"ಚಂದ ತಗೊಂಡು ಏನ ಮಾಡ್ಲಿ ಹಸೀನಾ? ಕೈನೇ ಹೋದ್ರ ಅವ ಬದುಕೋದು ಹ್ಯಾಂಗ?"

ಆಮೇಲೆ ಅನಸುಬಾಯಿಯೇ ಕೇಳಿದಳು.

"ಇಬ್ಬರದೂ ಬ್ಯಾನಿ ಒಂದೇ ಅಂತ ಗುರುದೇವಿನೇ ಹೇಳ್ಯಾಳ, ಹೌದಿಲ್ಲ?"

"ಹೌದು."

"ಹಂಗಾರ ಒಂದು ಹದಿನೈದು ದಿನ ಬದಲಿ ಮಾಡಿ ನೋಡೋಣೇನು? ನಿಮ್ಮದು ಇವಗ, ನಮ್ಮದು ನಿಮ್ಮವರಿಗಿ?"

ಹಸೀನಾಗೂ ಅದು ಸರಿ ಅನ್ನಿಸಿತು. ಇವಳ ಮನೆಯಲ್ಲಿ ಇಲ್ಲದ ತೊಂದರೆ ಅವಳ ಮನೆಯಲ್ಲಿ, ಅವಳ ಮನೆಯಲ್ಲಿ ಇಲ್ಲದ ತೊಂದರೆ ಇವಳ ಮನೆಯಲ್ಲಿ. ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ. ಮೊಸರು ಹೋದ ಹಾಗೆ, ಹಿಟ್ಟು ಬಂದ ಹಾಗೆ, ಎರಡು ಗುಳಿಗೆ ಹಾಳೆಗಳು ಗೋಡೆ ದಾಟಿದವು. ಇಬ್ಬರ ಮನಸ್ಸಿನಲ್ಲೂ ಕೆಟ್ಟದ್ದೇನೂ ಇರಲಿಲ್ಲ. ಅದನ್ನೇ ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಂದು ಸಂಜೆ ಕಪಿಲ ಅಂಗೈಯಲ್ಲಿದ್ದ ಗುಳಿಗೆ ನೋಡಿದ. ಬಣ್ಣದ ಕೆಲಸದವನು, ಅವನ ಕಣ್ಣಿಗೆ ಮೋಸ ಮಾಡಲಾಗುತ್ತದೆಯೇ?

"ಯವ್ವಾ, ಇದು ಬಿಳೀದು ಅದ. ನಂದು ಹಳದಿದಲ್ಲ?"

ನಿಜ ಹೇಳಿದರೆ ತಿನ್ನಲಿಕ್ಕಿಲ್ಲ ಎಂದು ಅನಸುಬಾಯಿಗೆ ಹೆದರಿಕೆಯಾಯಿತು. "ಅದೇ ಗುಳಿಗಿ ಮಗಾ. ಕಂಪನಿ ಬದಲಾಗ್ಯಾದ ಅಂತ. ತಗೋ" ಎಂದಳು.

ಅವನು ನುಂಗಿದ. ತಾಯಿ ಹೇಳಿದ ಮೇಲೆ ಇನ್ನೇನು?

ಮೂರನೆಯ ದಿನ ಬೆಳಿಗ್ಗೆ ಹಸೀನಾಳ ಚೀರಾಟ ಕೇಳಿಸಿತು. ಮಜೀದಸಾಬನ ಕುತ್ತಿಗೆ ಒಂದು ಕಡೆ ತಿರುಗಿ ಹಾಗೇ ನಿಂತಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿದ್ದವು, ನಾಲಿಗೆ ಹೊರಳುತ್ತಿರಲಿಲ್ಲ. ಒಬ್ಬರು ಗಾಳಿ ಬಡಿದಿದೆ ಎಂದರು, ಇನ್ನೊಬ್ಬರು ಲಕ್ವಾ, ಪಾರ್ಶ್ವವಾಯು ಎಂದರು. ಗುರುದೇವಿ ಯಾರ ಮಾತಿಗೂ ಕಾಯದೆ 108ಕ್ಕೆ ಫೋನ್ ಮಾಡಿ ಸೇಡಂಗೆ ಕರೆದೊಯ್ದಳು.

ಸಂಜೆ ಹಸೀನಾ ಗೋಡೆಯ ಬಳಿ ಬಂದಾಗ ಅವಳ ಮುಖ ಇಳಿದುಹೋಗಿತ್ತು.

"ಒಂದು ಸೂಜಿ ಮಾಡಿದ್ರಕ್ಕಾ, ಅರ್ಧ ತಾಸಿನಾಗ ಕುತ್ತಿಗಿ ಸರಿ ಆಯ್ತು. ಹೊಸದಾಗಿ ಏನ ತಿನ್ನಿಸಿದ್ರಿ ಅಂತ ಕೇಳಿದ್ರು, ಎಲ್ಲಾ ಹೇಳಿಬಿಟ್ಟೆ. ಇದು ನಿಮ್ಮ ಗುಳಿಗಿದೇ ಕೆಲಸ ಅಂತ. ಅದು ಹಳೇ ನಮೂನಿದು, ಕೆಲವರಿಗಿ ಹಿಂಗ ಮೈ ಹಿಡಿತದ ಅಂತ. ಕಪಿಲನ ಕರಕೊಂಡು ನಾಳೆನೇ ಬರ್ರಿ ಅಂದಾರ. ಗುಳಿಗಿ ಹಂಗ ಬದಲಿ ಮಾಡಿದ್ರ ಬ್ಯಾನಿ ತಿರುಗಿ ಬರಬಹುದು ಅಂದಾರ. ಹೋಗಕ್ಕಾ, ನನ್ನ ಮಾತು ಕೇಳು."

ಅನಸುಬಾಯಿ ಹೋಗಬೇಕಿತ್ತು. ಬಸ್ಸಿತ್ತು, ದಾರಿಯಿತ್ತು, ಹೊರಟಿದ್ದರೆ ಒಂದು ತಾಸಿನ ಮಾತು. ಧರ್ಮಣ್ಣ ಮಾತ್ರ ತಲೆ ಅಲ್ಲಾಡಿಸಿದ.

"ಇವನ ಕುತ್ತಿಗಿ ಏನೂ ತಿರುಗಿಲ್ಲಲ್ಲ? ಸುಮ್ನ ಹೋಗಿ ಯಾಕ ಬೈಸಿಕೊಂಡು ಬರೋದು? ಹಳೇದ ಕೊಡು, ಮುಗೀತು."

ಅವಳಿಗೂ ಡಾಕ್ಟರ ಮುಂದೆ ನಿಲ್ಲಲು ನಾಚಿಕೆ. ಸರಿ ಎಂದುಕೊಂಡು ಹಳದಿ ಗುಳಿಗೆಯನ್ನೇ ತಂದು ಕಪಿಲನ ಕೈಗಿಟ್ಟಳು. ಅವನು ಗುಳಿಗೆ ನೋಡಿದ, ತಾಯಿಯ ಮುಖ ನೋಡಿದ.

"ಕಂಪನಿ ಬದಲಾಗ್ಯಾದ ಅಂದಿದ್ದಿ. ಇವತ್ತ ಮತ್ತ ಹಳದಿ ಹ್ಯಾಂಗ ಬಂತು?"

"ಮತ್ತ ಬದಲಾಗ್ಯಾದಪಾ. ಎಷ್ಟ ಕೇಳ್ತಿ? ತಗೋ."

ಮೊದಲ ಸುಳ್ಳು ಹೆದರಿಕೆಯಿಂದ ಬಂದದ್ದು. ಎರಡನೆಯದು ಸಿಟ್ಟಿನಿಂದ ಬಂತು. ಕಪಿಲ ಮತ್ತೇನೂ ಕೇಳದೆ ಬಾಯಿಗೆ ಹಾಕಿಕೊಂಡು ಹೊರಗೆ ಹೋದ.

ಆಮೇಲೆ ಎಷ್ಟೋ ದಿನಕ್ಕೆ, ಎಲ್ಲ ಕೈಮೀರಿದ ಮೇಲೆ, ಅವನ ಹಾಸಿಗೆ ಒಣಗಿಸಲು ಎತ್ತಿದಾಗ ಕೆಳಗೆ ಗುಳಿಗೆಗಳು ಸಿಕ್ಕವು. ಎರಡನೆಯ ಸುಳ್ಳಿನ ದಿನದಿಂದ ಒಂದನ್ನೂ ಅವನು ನುಂಗಿರಲಿಲ್ಲ.

ಜಯಂತಿಯ ಬೋರ್ಡ್ ಬರೆಯಲು ಚಿತ್ತಾಪುರದಿಂದ ಬೇರೆಯವರು ಬಂದರು. ಮೇ ತಿಂಗಳಲ್ಲಿ ಕಪಿಲನಿಗೆ ಮಾತುಗಳು ಮರಳಿ ಕೇಳಿಸತೊಡಗಿದವು. ರೊಟ್ಟಿ ಮುಟ್ಟುವುದನ್ನು ಬಿಟ್ಟ. "ನನಗ ಏನೋ ಹಾಕಲಿಕತ್ತಾರ, ಮನ್ಯಾಗೇ ಹಾಕಲಿಕತ್ತಾರ" ಎಂದು ಗೊಣಗುತ್ತಿದ್ದ. ಒಂದು ಮಧ್ಯಾಹ್ನ, ನೆಲ ಕಾದು ಹೆಂಚಾಗಿದ್ದಾಗ, ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಟುಹೋದ.

ಹದಿನೇಳು ದಿನ ಹುಡುಕಿದರು. ಸೇಡಂ ಬಸ್ ನಿಲ್ದಾಣದಲ್ಲಿ ಫೋಟೋ ತೋರಿಸಿದರು, ಚಿಂಚೋಳಿ ಕಡೆ ಹೋದರು. ಚಿಮ್ಮನಚೋಡದಲ್ಲಿರುವ ಮೈತ್ರಿಯ ಗಂಡನ ಮನೆಗೆ ಹೋಗಿರಬಹುದೇ ಎಂದು ಓಡಿದರು. ಕೊನೆಗೆ, ಧರ್ಮಣ್ಣನ ಜೊತೆ ಹಿಂದೆ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದ್ದ ಇಸಾಕ ಫೋನ್ ಮಾಡಿದ. "ವಾಡಿ ಸ್ಟೇಷನ್ನಿನಾಗ ಕುಂತಾನ. ಲಗು ಬರ್ರಿ" ಎಂದ.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕಪಿಲ ಕುಳಿತಿದ್ದ. ಅಂಗಾಲು ಬೊಬ್ಬೆ ಒಡೆದು ಕೆಂಪಾಗಿತ್ತು, ತುಟಿ ಬಿರಿದಿತ್ತು. ಅನಸುಬಾಯಿ ಓಡಿಹೋಗಿ ಬಾಟಲಿಯ ಮುಚ್ಚಳ ತೆಗೆದು ನೀರು ಹಿಡಿದಳು. ಬಾಯಾರಿ ಒಣಗಿದ್ದ ಮಗ ಬಾಟಲಿ ಇಸಿದುಕೊಂಡು ನೀರನ್ನೆಲ್ಲ ನೆಲಕ್ಕೆ ಸುರಿದ.

"ಇದರಾಗ ಏನ ಹಾಕೀದಿ?" ಎಂದು ಕೇಳಿದ.

ಅನಸುಬಾಯಿಗೆ ಅಲ್ಲೇ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಕಪಿಲ ಕಲಬುರಗಿಯ ಆಸ್ಪತ್ರೆಯಲ್ಲಿ ಐದು ವಾರ ಒಳರೋಗಿಯಾಗಿದ್ದು ಬಂದ ಮೇಲೆ ಗುರುದೇವಿ ಮನೆಮಂದಿಯನ್ನೆಲ್ಲ ಪ್ರಮಿತಾ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಕಪಿಲ ಶಾಂತನಾಗಿದ್ದ. ಈಗ ಅವನಿಗೆ ಹೊಸ ನಮೂನೆಯ ಗುಳಿಗೆ ಕೊಟ್ಟಿದ್ದರು. ಕೈ ನಡುಗುತ್ತಿರಲಿಲ್ಲ.

"ಬರ್ರಿ, ಕುಂದ್ರಿ" ಎಂದರು ಡಾಕ್ಟರು.

ಧರ್ಮಣ್ಣ ಕುಳಿತವನೇ ಕೇಳಿದ. "ಬ್ಯಾನಿ ಒಂದೇ ಇದ್ದ ಮ್ಯಾಲ ಗುಳಿಗಿ ಬ್ಯಾರೆ ಬ್ಯಾರೆ ಯಾಕ್ರಿ ಬಾಯಿಯವರ?"

"ಕಾಲುವಿ ನೀರು ಎರಡು ಹೊಲಕ್ಕ ಹೋಗ್ತದ ಅಂತ ತಿಳ್ಕೊರಿ" ಎಂದರು ಪ್ರಮಿತಾ. "ನಮ್ಮ ಮಿದುಳಿನಾಗ ಡೋಪಮಿನ್ ಅಂತ ಒಂದು ರಸ ಅದ. ಈ ಬ್ಯಾನಿಯಾಗ ಒಂದು ಹೊಲಕ್ಕ ಆ ನೀರು ವಿಪರೀತ ಹರಿತದ. ಅದಕ್ಕೇ ಇಲ್ಲದ ಮಾತು ಕೇಳಸ್ತಾವ, ಇಲ್ಲದ ಅನುಮಾನ ಬರ್ತದ. ಹಳೇ ನಮೂನಿ ಗುಳಿಗಿ ತೂಬು ಬಿಗಿಯಾಗಿ ಮುಚ್ಚತದ. ಹ್ಯಾಲೊಪೆರಿಡಾಲ್ ಅಂದ್ರ ಆ ನಮೂನಿದು, ಕಪಿಲಂದು ಅದೇ ಇತ್ತು. ಮಾತು ಕೇಳಸೋದು ನಿಲ್ತದ, ಖರೇ. ಆದ್ರ ಕೈಕಾಲು ಆಡಸೋ ಹೊಲಕ್ಕೂ ನೀರು ಕಡಿಮಿ ಆಗ್ತದ. ಕೈ ನಡಗ್ತದ, ಮೈ ಬಿಗೀತದ, ಕೆಲವರಿಗಿ ಕುತ್ತಿಗಿ ತಿರುಗ್ತದ, ಕೆಲವರಿಗಿ ಒಂದ ಕಡಿ ಕುಂದರ್ಲಿಕ್ಕಿ ಆಗಂಗಿಲ್ಲ. ಅದಕ್ಕಂತನೇ ಆ ಸಣ್ಣ ಗುಳಿಗಿ ಕೊಟ್ಟಿದ್ದೆ ಧರ್ಮಣ್ಣ. ನಡುಕ ಹಿಡಿಲಿಕ್ಕಿ."

ಧರ್ಮಣ್ಣ ತಲೆ ತಗ್ಗಿಸಿದ. "ಅದನ್ನ ಬಿಡಿಸಿದವ ನಾನೇರಿ" ಎಂದ.

"ಹೊಸ ನಮೂನಿ ಗುಳಿಗಿ ತೂಬು ಅಷ್ಟ ಬಿಗಿ ಮುಚ್ಚಂಗಿಲ್ಲ. ಜೋಡಿಗಿ ಸಿರೊಟೋನಿನ್ ಅಂತ ಇನ್ನೊಂದು ರಸದ ಮ್ಯಾಲೂ ಕೆಲಸ ಮಾಡ್ತದ. ಮಜೀದಸಾಬಗ ಕೊಟ್ಟಿದ್ದ ಒಲಾನ್ಜಪಿನ್ ಆ ನಮೂನಿದು. ಇದರಾಗ ನಡುಕ ಕಡಿಮಿ. ಆದ್ರ ಹಸಿವಿ ಹೆಚ್ಚಾಗ್ತದ, ತೂಕ ಏರ್ತದ, ಸಕ್ಕರಿ ಕಾಯಿಲಿ ಬರಬಹುದು."

"ಅಂದ್ರ ಹೊಸದು ಚಲೋ, ಹಳೇದು ಕೆಟ್ಟದ್ದು?" ಎಂದಳು ಅನಸುಬಾಯಿ.

"ಹಂಗಲ್ರಿ. ಹಳೇದರಿಂದ ಎಷ್ಟೋ ಮಂದಿ ಆರಾಮ ಆಗಿ ಕೆಲಸ ಮಾಡಲಿಕತ್ತಾರ. ಮೊದಲೇ ಸಕ್ಕರಿ ಇದ್ದವರಿಗಿ ತೂಕ ಏರಿಸೋ ಗುಳಿಗಿ ಕೊಡೋ ಮೊದಲ ನಾವು ವಿಚಾರ ಮಾಡ್ತೀವಿ. ಹೊಸದರಾಗೂ ಎಲ್ಲಾ ಒಂದೇ ಅಲ್ಲ, ಕೆಲವು ತೂಕ ಭಾಳ ಏರಸ್ತಾವ, ಕೆಲವು ಅಷ್ಟಿಲ್ಲ. ಯಾರ ಮೈಗಿ ಯಾವುದು, ಎಷ್ಟು ಅಂತ ನೋಡಿ ಕೊಡಬೇಕಾಗ್ತದ. ಕಪಿಲಂದು ಕೈ ಕೆಲಸ ಅದ, ನಡುಕ ಬರಲಿಕತ್ತದ ಅಂತ ಒಂದ ಮಾತು ಹೇಳಿದ್ರ ನಾನೇ ಬದಲಿ ಮಾಡತಿದ್ದೆ. ಸಾವಕಾಶ, ಒಂದು ಇಳಿಸ್ತಾ ಇನ್ನೊಂದು ಏರಿಸ್ತಾ."

ಒಂದೇ ಒಂದು ಮಾತು. ಅನಸುಬಾಯಿಗೆ ಇನ್ನು ತಡೆಯಲಾಗಲಿಲ್ಲ. ಮಗನ ಕಡೆ ತಿರುಗಿದಳು.

"ಕಪಿಲಾ, ಆ ಬಿಳೀ ಗುಳಿಗಿ ಮಜೀದಸಾಬಂದು. ನಾನೇ ಹಸೀನಾನ ಕಡಿಂದ ಇಸಗೊಂಡಿದ್ದೆ. ನಿನ್ನ ಕೈ ಉಳೀಲಿ ಅಂತ ಮಾಡಿದೆ ಮಗಾ. ಕಂಪನಿ ಬದಲಾಗ್ಯಾದ ಅಂದಿದ್ದು ಸುಳ್ಳು."

ಕಪಿಲ ಅವಳ ಕಡೆ ನೋಡಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ನಾ ಕೇಳಿದ್ನಲ್ಲ ಯವ್ವಾ" ಎಂದ. "ಎರಡ ಸಲ ಕೇಳೀನಿ."

ಆಮೇಲೆ ಪ್ರಮಿತಾ ಮೆಲ್ಲಗೆ ಹೇಳಿದರು. "ಅನಸುಬಾಯಿ, ಊಟದಾಗ ಏನೋ ಬೆರೆಸ್ತಾರ ಅನ್ನೋದು ಅವನ ಬ್ಯಾನಿ ಹೇಳೋ ಸುಳ್ಳು. ಆ ಸುಳ್ಳಿಗಿ ನಾವೇ ಸಾಕ್ಷಿ ಆಗಬಾರದು. ಗುಳಿಗಿ ಬದಲಾದ್ರ ಮೊದಲ ಅವನಿಗೇ ಹೇಳಬೇಕು."

ಈಗ ಕಪಿಲ ಚಿಮ್ಮನಚೋಡದಲ್ಲಿ ಅಕ್ಕ ಮೈತ್ರಿಯ ಮನೆಯಲ್ಲಿದ್ದಾನೆ. ಚಿಂಚೋಳಿ ಪೇಟೆಯಲ್ಲಿ ಬೋರ್ಡ್ ಬರೆಯುತ್ತಾನೆ, ಅಕ್ಷರ ಮೊದಲಿನಂತೆ ನೆಟ್ಟಗೆ ನಿಂತಿವೆ. ಗುಳಿಗೆಯ ಹಾಳೆಯ ಮೇಲಿನ ಹೆಸರು ತಾನೇ ಓದಿ ತಾನೇ ನುಂಗುತ್ತಾನೆ. ತಿಂಗಳಿಗೊಮ್ಮೆ ತೂಕ ನೋಡಿಸುತ್ತಾನೆ, ಡಾಕ್ಟರು ಹೇಳಿದಾಗ ಸಕ್ಕರೆ ಪರೀಕ್ಷೆ ಮಾಡಿಸುತ್ತಾನೆ. ಮಜೀದಸಾಬನಿಗೂ ತೂಕ ಅಷ್ಟು ಏರಿಸದ ಬೇರೆ ಗುಳಿಗೆ ಬರೆದುಕೊಟ್ಟಿದ್ದಾರೆ. ಅವನು ಬೆಳಿಗ್ಗೆ ಬೇಗ ಎದ್ದು ಒಂದಿಷ್ಟು ನಡೆದು ಬಂದೇ ಟಂಟಂ ಹೊರಗೆ ತೆಗೆಯುತ್ತಾನೆ. ಧರ್ಮಣ್ಣ ಈಗ ಯಾರ ಮನೆಯಲ್ಲಿ ಗುಳಿಗೆ ಕಂಡರೂ, "ಡಾಕ್ಟರಿಗಿ ಕೇಳಲಾರದ ಒಂದೂ ಬಿಡಬ್ಯಾಡ್ರಿ, ನಾ ಬಿಡಿಸಿ ಕೆಟ್ಟೀನಿ" ಎಂದು ಬೆನ್ನು ಹತ್ತುತ್ತಾನೆ.

ಎಲ್ಲ ಸರಿಯಾಯಿತಲ್ಲ ಎಂದು ಗುರುದೇವಿ ಸಮಾಧಾನ ಹೇಳುತ್ತಾಳೆ. ಅನಸುಬಾಯಿ ತಲೆಯಾಡಿಸುತ್ತಾಳೆ. ಹದಿನೈದು ದಿನಕ್ಕೊಮ್ಮೆ ರವಿವಾರ ಕಪಿಲ ಆಡಕಿಗೆ ಬರುತ್ತಾನೆ. ತಾಯಿಯ ಜೊತೆ ಮಾತಾಡುತ್ತಾನೆ, ನಗುತ್ತಾನೆ ಕೂಡ. ಆದರೆ ಬರುವಾಗ ಬುತ್ತಿಯನ್ನೂ ಬಾಟಲಿಯಲ್ಲಿ ನೀರನ್ನೂ ಚಿಮ್ಮನಚೋಡದಿಂದಲೇ ತಂದಿರುತ್ತಾನೆ. ಅವಳು ಪ್ರತಿ ಸಲವೂ ಒಂದು ರೊಟ್ಟಿ ಹೆಚ್ಚಿಗೆ ಬಡಿದಿಟ್ಟು, ತಿನ್ನು ಎಂದು ಬಲವಂತ ಮಾಡದೆ ಕುಳಿತಿರುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಗುಳಿಗೆ ತಿನ್ನುವವರು ಇದ್ದರೆ ಒಂದು ಮಾತು ಕೇಳಿ. ಬೇನೆಯ ಹೆಸರು ಒಂದೇ ಆದರೂ ಗುಳಿಗೆ ಒಂದೇ ಅಲ್ಲ. ಹಳೆಯ ನಮೂನೆಯದೋ ಹೊಸ ನಮೂನೆಯದೋ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ನಡುಕ, ಬಿಗಿತ, ಕುಳಿತಲ್ಲಿ ಕೂರಲಾಗದ ಚಡಪಡಿಕೆ ಕಂಡರೂ ಹೇಳಿ, ಹಸಿವು, ತೂಕ, ಅತಿ ಬಾಯಾರಿಕೆ ಹೆಚ್ಚಿದರೂ ಹೇಳಿ. ಎಲ್ಲದಕ್ಕೂ ದಾರಿಯಿದೆ. ಕುತ್ತಿಗೆ ತಿರುಗಿದರೆ, ಅಥವಾ ಜೋರು ಜ್ವರದ ಜೊತೆ ಮೈ ಸೆಟೆದು ಮಂಪರಾದರೆ, ಕಾಯದೆ 108ಕ್ಕೆ ಕರೆ ಮಾಡಿ. ನಿಮ್ಮಷ್ಟಕ್ಕೆ ನೀವೇ ಗುಳಿಗೆ ನಿಲ್ಲಿಸಬೇಡಿ, ಕಡಿಮೆ ಮಾಡಬೇಡಿ, ಇನ್ನೊಬ್ಬರದು ತಂದು ಕೊಡಬೇಡಿ. ಕೇಳಲು ಯಾರೂ ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡಿಲ್ಲ.

ಮತ್ತೆ, ಗುಳಿಗೆ ತಿನ್ನುವವರು ಇದೇನು ಎಂದು ಕೇಳಿದರೆ ನಿಜ ಹೇಳಿ. ಅಂದು ತಿನ್ನದಿದ್ದರೂ ಪರವಾಗಿಲ್ಲ, ನಾಳೆ ಡಾಕ್ಟರ ಬಳಿ ಕರೆದುಕೊಂಡು ಹೋಗಬಹುದು. ಕಪಿಲನ ಕೈ ಕೆಲವೇ ವಾರಗಳಲ್ಲಿ ಸರಿಹೋಯಿತು. ತಾಯಿಯ ಕೈಯಿಂದ ಅವನು ಒಂದು ತುತ್ತು ತಿನ್ನುವುದಕ್ಕೆ ಅನಸುಬಾಯಿ ಇನ್ನೂ ಕಾಯುತ್ತಿದ್ದಾಳೆ.